ಹಲ್ಲು ಕಟ್ಟುವವನು ಕಟ್ಟಿದ ಕಾರು

"ಗುರುಗಳೇ, ನಾವು ನೋಯಿಸಿದವರ ಮುಂದೆ ಯಾವಾಗ ಹೋಗಿ ನಿಲ್ಲಬೇಕು?" ಎಂದು ಶಿಷ್ಯ ತಿಪ್ಪೇಶ ಕೇಳಿದ.

"ಯಾರನ್ನು ನೋಯಿಸಿದೆ?"

"ಅಕ್ಕನನ್ನು. ಮೂರು ವರ್ಷದ ಹಿಂದೆ ನಾಲ್ಕು ಜನರ ಎದುರು ಆಡಬಾರದ ಮಾತು ಆಡಿದೆ. ಅಂದಿನಿಂದ ಕ್ಷಮೆ ಕೇಳಿ ಕಾಗದ ಬರೆಯುತ್ತಲೇ ಇದ್ದೇನೆ. ಯಾವುದೂ ಸರಿಬರುತ್ತಿಲ್ಲ. ಹನ್ನೊಂದು ಹರಿದುಹಾಕಿದೆ. ಈ ಯುಗಾದಿಗೆ ಅಕ್ಕ ಬಸ್ಸಿನವನ ಕೈಯಲ್ಲಿ ಒಂದು ಡಬ್ಬಿ ಹೋಳಿಗೆ ಕಳಿಸಿದಳು. ಬರಿ ಡಬ್ಬಿ ಹಿಂದಕ್ಕೆ ಕಳಿಸಬಾರದಲ್ಲ. ಕಾಗದ ಬರೆದು ಮುಗಿದರೆ ಡಬ್ಬಿಯಲ್ಲಿಟ್ಟು ನಾನೇ ಹೋಗಿ ಕೊಡೋಣ ಎಂದಿದ್ದೇನೆ."

ಆಗ ದೀಪಾವಳಿ ಕಳೆದು ವಾರವಾಗಿತ್ತು.

"ಹೋಳಿಗೆ ತಿಂದೆಯಾ?" ಎಂದರು ಗುರುಗಳು.

"ಅಂದೇ ತಿಂದೆ."

"ಅದೊಂದಕ್ಕೆ ತಡಮಾಡಲಿಲ್ಲವಲ್ಲ, ಪುಣ್ಯ," ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹಲ್ಲು ಕಟ್ಟುವವನಿದ್ದ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ತಕ್ಕ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವನ ಕಸುಬು. ಕೈ ಬಹಳ ಸೂಕ್ಷ್ಮ. ಊರಿನ ಅರ್ಧ ಮುದುಕರು ಅವನು ಮಾಡಿದ ಹಲ್ಲಿನಲ್ಲೇ ಚಕ್ಕುಲಿ ಕಡಿಯುತ್ತಿದ್ದರು.

ಅವನ ಹೆಂಡತಿಗೆ ತಂದೆಯಿಂದ ಬಂದದ್ದು ಒಂದು ಕಾರು. ಮಾರಿಸ್ ಮೈನರ್, ಇಂಗ್ಲೆಂಡಿನಲ್ಲಿ ತಯಾರಾಗಿ ಹಡಗಿನಲ್ಲಿ ಬಂದದ್ದು. ತಂದೆ ಹೋದ ಮೇಲೆ ಅದು ಓಡಲಿಲ್ಲ. ಮನೆಯ ಮುಂದೆ ನಿಂತಿತ್ತು. ಒಮ್ಮೊಮ್ಮೆ ಸಂಜೆ ಅವಳು ಹೋಗಿ ಹಿಂದಿನ ಸೀಟಿನಲ್ಲಿ, ಚಿಕ್ಕಂದಿನಲ್ಲಿ ಕೂರುತ್ತಿದ್ದ ಎಡಗಡೆಯಲ್ಲಿ ಕೂತು, ಬಾಗಿಲು ಹಾಕಿಕೊಳ್ಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಎದ್ದು ಬಂದು ಒಲೆ ಹಚ್ಚುತ್ತಿದ್ದಳು. ಏನು ಮಾಡುತ್ತಿದ್ದೆ ಎಂದು ಗಂಡ ಕೇಳಿದವನಲ್ಲ.

ಅವಳು ತಂಗಿಯ ಬಾಣಂತನಕ್ಕೆ ಹೋಗಿದ್ದ ತಿಂಗಳು ಅವನು ಆ ಕಾರನ್ನು ಗುಜರಿಯವನಿಗೆ ಕೊಟ್ಟು ಎತ್ತಿಸಿಬಿಟ್ಟ. ಇಲಿ ಸೇರಿಕೊಂಡಿವೆ, ಸುಮ್ಮನೆ ಜಾಗ ಹಿಡಿದಿದೆ ಎಂಬ ಕಾರಣ ಅವನಿಗೆ ಸಾಕಾಗಿತ್ತು. ಅವಳು ಹಿಂದಿರುಗಿ, ಆಟೋ ಇಳಿದು, ನೆಲದ ಮೇಲೆ ಉಳಿದಿದ್ದ ಎಣ್ಣೆಯ ಕಲೆ ನೋಡಿದಳು.

"ಒಂದು ಮಾತು ಕೇಳಬಹುದಿತ್ತು," ಎಂದಳು.

ಅಷ್ಟೇ. ಅತ್ತಿದ್ದರೆ, ಕೂಗಾಡಿದ್ದರೆ ಅವನು ಏನಾದರೂ ಸಬೂಬು ಹೇಳಿ ಪಾರಾಗುತ್ತಿದ್ದ. ಅಂದಿನಿಂದ ಅವಳು ಅವನೊಡನೆ ಮಾತಾಡಲಿಲ್ಲ, ಮನೆಯೊಡನೆ ಮಾತಾಡಿದಳು. "ನೀರು ಕಾದಿದೆ" ಎನ್ನುತ್ತಿದ್ದಳು ಗೋಡೆಗೆ. "ಊಟ ಬಡಿಸಿದೆ" ಎನ್ನುತ್ತಿದ್ದಳು ತಟ್ಟೆಗೆ. ಸಂಜೆಯ ಕಾಫಿ ಒಂದು ಲೋಟದಲ್ಲಿ ಅವನ ಕೆಲಸದ ಕೋಣೆಯ ಕಿಟಕಿಗೆ ಬಂದು ಕೂರುತ್ತಿತ್ತು. ಇಟ್ಟ ಕೈ ಅವನು ತಲೆ ಎತ್ತುವಷ್ಟರಲ್ಲಿ ಹೋಗಿರುತ್ತಿತ್ತು. ತನ್ನ ಲೋಟವನ್ನು ಅವಳು ಅಡುಗೆಮನೆಯಲ್ಲಿ ನಿಂತೇ ಕುಡಿದು ತೊಳೆದಿಡುತ್ತಿದ್ದಳು.

ತಪ್ಪಾಯಿತು ಎನ್ನಬೇಕೆಂದು ಅವನಿಗೂ ಗೊತ್ತಿತ್ತು. ಊರಿನ ಬಾಯಿಗಳನ್ನೆಲ್ಲ ಸರಿಮಾಡಿದವನಿಗೆ ತನ್ನ ಬಾಯಿಯೊಂದು ಹಿಡಿತಕ್ಕೆ ಸಿಗಲಿಲ್ಲ. ಅಷ್ಟರಲ್ಲಿ ಯಾರೋ ಹೇಳಿದರು: ಹಳೆಯ ಕಾರುಗಳ ಗೇಣುದ್ದದ ಪ್ಲಾಸ್ಟಿಕ್ ಮಾದರಿ ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬರುತ್ತದೆ, ನಾವೇ ಜೋಡಿಸಿ ಬಣ್ಣ ಬಳಿಯಬೇಕು ಎಂದು. ವಿಚಾರಿಸಿದರೆ ಮಾರಿಸ್ ಮೈನರೂ ಇತ್ತು. ತರಿಸಿದ. ತಪ್ಪಾಯಿತು ಎನ್ನುವುದಕ್ಕೆ ನಾಲ್ಕು ಅಕ್ಷರ. ಪೆಟ್ಟಿಗೆಯಲ್ಲಿದ್ದದ್ದು ನೂರ ಹನ್ನೆರಡು ತುಂಡು. ಅವನಿಗೆ ತುಂಡುಗಳೇ ಸುಲಭ ಎನಿಸಿತು.

ಎಳೆಯಷ್ಟೂ ಲೋಪವಿಲ್ಲದಂತೆ ಮಾಡಿ ಅವಳ ಕೈಯಲ್ಲಿಡಬೇಕು ಎಂದು ನಿಶ್ಚಯಿಸಿದ. ಅದನ್ನು ನೋಡಿದ ಮೇಲೆ ತಾನು ಏನೂ ಹೇಳಬೇಕಾಗುವುದಿಲ್ಲ ಎಂಬುದು ಅವನ ಲೆಕ್ಕಾಚಾರ.

ಮೊದಲ ಕಾರು ಎಂಟು ತಿಂಗಳಿಗೆ ಮುಗಿಯುತ್ತಾ ಬಂತು. ಸ್ಟಿಯರಿಂಗು, ಸೀಟು, ಹಿಂದಿನ ಸೀಟಿನ ಎಡಗಡೆ ಸವೆದ ಗುರುತು, ಎಲ್ಲ ಕೂಡಿಬಂದವು. ಗಾಜು ಕೂರಿಸಲು ಇಂಥದೇ ಅಂಟು ಹಚ್ಚಿ ಎಂದು ಪೆಟ್ಟಿಗೆಯೊಳಗಿನ ಚೀಟಿ ಹೇಳಿತ್ತು. ಅವನು ಓದಿ ನಕ್ಕ. ಮೂವತ್ತು ವರ್ಷ ಹಲ್ಲು ಕೂರಿಸಿದವನಿಗೆ ಅಂಟಿನ ಪಾಠವೇ ಎಂದು, ಹಲ್ಲಿನ ಸೆಟ್ಟಿಗೆ ಬಳಸುವ ದ್ರವವನ್ನೇ ಹಚ್ಚಿ ಮೇಲಿನ ಮೈ ಮುಚ್ಚಿದ. ಆ ದ್ರವ ಗಾಜಿನಂಥ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಮರುದಿನ ನೋಡಿದರೆ ಕಿಟಕಿಗಳೆಲ್ಲ ಪೊರೆ ಬಂದ ಕಣ್ಣಿನಂತೆ ಬೆಳ್ಳಗಾಗಿದ್ದವು. ಒಳಗೆ ಮಾಡಿದ್ದೆಲ್ಲ ಒಳಗೇ ಇತ್ತು, ಒಂದೂ ಕಾಣುತ್ತಿರಲಿಲ್ಲ. ಒರೆಸೋಣವೆಂದರೆ ಬೆರಳು ಹೋಗಲು ದಾರಿಯಿರಲಿಲ್ಲ.

ಇನ್ನೊಂದು ಪೆಟ್ಟಿಗೆ ತರಿಸಿದ. ಅದು ಬರಲು ವರ್ಷ ಹಿಡಿಯಿತು.

ಎರಡನೆಯದಕ್ಕೆ ಬಣ್ಣ ಕೂಡಿಬರಲಿಲ್ಲ. ಹಸಿರು ಹೌದು. ಆದರೆ ಹೆಸರುಕಾಳಿನ ಹಸಿರೋ, ಬೂದಿ ಬೆರೆತ ಹಸಿರೋ? ವರ್ಷಗಟ್ಟಲೆ ಅದರ ಪಕ್ಕದಲ್ಲೇ ಓಡಾಡಿದ್ದ, ನೋಡಿರಲಿಲ್ಲ. ಮನೆಯಲ್ಲಿದ್ದ ಫೋಟೋ ಕಪ್ಪುಬಿಳುಪಿನದು. ಆ ಬಣ್ಣ ಬಲ್ಲವಳು ಪಕ್ಕದ ಕೋಣೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೇಳಿದರೆ ಗುಟ್ಟು ರಟ್ಟಾಗುತ್ತದೆ ಎಂದು ಅವನು ಕೇಳಲಿಲ್ಲ. ಅಂದೂ ಅವಳನ್ನು ಒಂದು ಮಾತು ಕೇಳಬಹುದಿತ್ತು.

ಏಳು ಬಗೆಯ ಹಸಿರು ಕಲಸಿದ. ಬಳಿದ, ಉಜ್ಜಿ ತೆಗೆದ, ಮತ್ತೆ ಬಳಿದ. ಉಜ್ಜಿ ಉಜ್ಜಿ ಕಾರಿನ ಮೈಮೇಲಿನ ಗೆರೆಗಳೇ ಅಳಿಸಿಹೋದವು. ಮೂರನೆಯ ಪೆಟ್ಟಿಗೆಗೆ ಬರೆದ.

"ಏನಯ್ಯಾ, ಬಾಗಿಲು ಹಾಕಿಕೊಂಡು ಏನು ತಪಸ್ಸು?" ಎಂದು ಡಾಕ್ಟರು ಒಮ್ಮೆ ಹೊರಗಿನಿಂದ ಕೂಗಿದರು. "ಇಲ್ಲಿ ನನ್ನ ಮುದುಕರು ಎರಡು ತಿಂಗಳಿನಿಂದ ಗಂಜಿ ಕುಡಿದುಕೊಂಡು ಕೂತಿದ್ದಾರೆ!"

"ಇನ್ನೇನು, ಮುಗಿಯಿತು," ಎಂದ ಅವನು ಒಳಗಿನಿಂದ. ಆ ಮಾತು ಆಡಿದ್ದು ನಾಲ್ಕನೆಯ ವರ್ಷದಲ್ಲಿ.

ಏಳು ಹಸಿರಿನಲ್ಲಿ ಒಂದನ್ನು ಅಂದಾಜಿನ ಮೇಲೆ ಆರಿಸಿಕೊಂಡ. ಆರನೆಯ ವರ್ಷ ಮೂರನೆಯ ಕಾರಿಗೆ ಕೊನೆಯ ಬಣ್ಣ ಬಳಿಯುವ ದಿನ ಬಂತು. ಹಸಿ ಬಣ್ಣಕ್ಕೆ ಧೂಳೇ ಶತ್ರು. ಒಂದು ಕಣ ಕೂತರೆ ಸಿಡುಬಿನ ಕಲೆಯಂತೆ ನಿಂತುಬಿಡುತ್ತದೆ. ಅವನು ನೆಲಕ್ಕೆ ನೀರು ಚಿಮುಕಿಸಿದ. ಫ್ಯಾನು ನಿಲ್ಲಿಸಿದ. ಕಿಟಕಿ ಮುಚ್ಚಿದ. ಎಳೆ ಉದುರಬಾರದೆಂದು ಅಂಗಿಯನ್ನೂ ಬಿಚ್ಚಿಟ್ಟ. ಉಸಿರು ಬಿಗಿಹಿಡಿದು ಬಣ್ಣ ಬಳಿಯತೊಡಗಿದ.

ಸಂಜೆ ಹೆಂಡತಿ ಬಂದಳು. ಕಿಟಕಿಗಲ್ಲ, ಬಾಗಿಲಿಗೆ. ಕೈಯಲ್ಲಿ ಎರಡು ಲೋಟ ಕಾಫಿ ಇತ್ತು. ಮೊಣಕೈಯಿಂದ ಬಾಗಿಲು ತಳ್ಳಿದಳು.

"ರೀ, ಒಂದು ಗಳಿಗೆ ಹೊರಗೆ ಬನ್ನಿ. ಜಗಲಿ ಮೇಲೆ ಕೂತು ಕುಡಿಯೋಣ."

ಆ 'ರೀ' ಆ ಮನೆಯಲ್ಲಿ ಆರು ವರ್ಷದಿಂದ ಕೇಳಿರಲಿಲ್ಲ. ಅವನಿಗೆ ಕೇಳಿಸಿದ್ದು ಬಾಗಿಲು ಕಿರುಗುಟ್ಟಿದ್ದು ಮಾತ್ರ. ಕುಂಚ ಅರ್ಧ ದಾರಿಯಲ್ಲಿತ್ತು. ತಿರುಗಿ ನೋಡಲಿಲ್ಲ.

"ಬಾಗಿಲು ಹಾಕು ಮಾರಾಯ್ತಿ! ಧೂಳು ಬರುತ್ತೆ."

"ಎಷ್ಟು ಹೊತ್ತು?"

"ಒಣಗೋವರೆಗೂ."

ಅವಳು ಬಾಗಿಲು ಹಾಕಿದಳು. ಮೆಲ್ಲಗೆ ಹಾಕಿದಳು. ಒಂದು ಕಣ ಧೂಳೂ ಏಳಲಿಲ್ಲ.

ಬಣ್ಣ ಕನ್ನಡಿಯಂತೆ ಬಂತು. ಒಣಗಲು ಮೂರು ದಿನ ಬಿಟ್ಟ. ನಂಬರು ಅಂಟಿಸಿದ. ಫೋಟೋದಲ್ಲಿ ಕಾಣುತ್ತಿದ್ದ ಎಡಗಡೆಯ ಮಡ್‌ಗಾರ್ಡಿನ ನೆಗ್ಗು ಕೂಡ ಇದ್ದಲ್ಲೇ ಇತ್ತು. ಅದನ್ನು ಎರಡೂ ಅಂಗೈಯಲ್ಲಿಟ್ಟುಕೊಂಡು ಅಡುಗೆಮನೆಗೆ ಹೋದ.

ಅವಳು ಸೆರಗಿಗೆ ಕೈ ಒರೆಸಿ ತೆಗೆದುಕೊಂಡಳು. ಕಣ್ಣಿನ ಮಟ್ಟಕ್ಕೆ ಹಿಡಿದು ಗಾಜಿನೊಳಗೆ ಹಿಂದಿನ ಸೀಟು ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಉಗುರಿನಿಂದ ಅದರ ಬಾಗಿಲು ಎಬ್ಬಿಸಲು ಹೋದಳು.

"ಬಾಗಿಲು ತೆಗೆಯೋಕೆ ಬರಲ್ವಾ?"

"ಇಲ್ಲ. ಬರೀ ಗೆರೆ. ಅಚ್ಚೇ ಹಾಗೆ."

ಅವಳು ಕಾಯುತ್ತಾ ನಿಂತಳು. ಅವನೂ ಕಾಯುತ್ತಾ ನಿಂತ. ಆ ನಾಲ್ಕು ಅಕ್ಷರ ನಾಲಿಗೆಯವರೆಗೂ ಬಂದವು. ಇನ್ನು ಯಾಕೆ, ಕಾರೇ ಹೇಳಿತಲ್ಲ ಎಂದುಕೊಂಡು ನುಂಗಿದ.

"ಚೆನ್ನಾಗಿದೆ," ಎಂದಳು ಅವಳು, ಕಾರಿಗೆ. "ಧೂಳು ಕೂರದ ಕಡೆ ಇಟ್ಟರಾಯಿತು."

ಅವನು ಗಾಜಿನ ಪೆಟ್ಟಿಗೆ ಮಾಡಿಸಿದ. ಸಂಜೆ ಕೆಲಸದ ಕೋಣೆಯ ಕಿಟಕಿಯಲ್ಲಿ ಒಂದು ಲೋಟ ಇತ್ತು. ಮರುದಿನವೂ ಒಂದೇ ಇತ್ತು. ಅವರಿಬ್ಬರೂ ಆ ಮನೆಯಲ್ಲಿ ಇನ್ನೂ ಹದಿನಾಲ್ಕು ವರ್ಷ ಬಾಳಿದರು. ಬಂದವರೆಲ್ಲ ಕಾರನ್ನು ಹೊಗಳಿದರು. ಅದರ ಮೇಲೆ ಕೊನೆಯವರೆಗೂ ಒಂದು ಕಣ ಧೂಳು ಕೂರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ತಿಪ್ಪೇಶ ಮುಂದಿನ ಮಾತಿಗೆ ಕಾದ.

"ಹಾಗಾದರೆ, ಗುರುಗಳೇ, ಆ ಹೆಂಗಸು ಅವನನ್ನು ಕ್ಷಮಿಸಲೇ ಇಲ್ಲವೇ?"

ಗುರುಗಳು ಅವನ ಮುಖವನ್ನೇ ನೋಡಿದರು.

"ಅವಳ ಕೈಯಲ್ಲಿ ಎರಡು ಲೋಟ ಇತ್ತು ಎಂದೆನಲ್ಲ."