ಒಂದು ದಿನವೂ ಮಲಗದ ಗೊದ್ದ

ಹುಟ್ಟಿದಾಗಿನಿಂದ ಒಂದು ದಿನವೂ ಕೆಲಸ ತಪ್ಪಿಸಿದವನಲ್ಲ ತಾನು ಎಂದು ಮುದಿ ಗೊದ್ದವೊಂದು ಇರುವೆ ಗೂಡಿನಲ್ಲೆಲ್ಲ ಹೇಳಿಕೊಂಡು ತಿರುಗುತ್ತಿತ್ತು.

ಒಮ್ಮೆ ಸಣಕಲು ಇರುವೆಯೊಂದು, "ಅಜ್ಜ, ಮೈ ಸುಡ್ತಿದೆ. ವಾಸಿಯಾಗೋ ತನಕ ಹೊರಗೇ ಇರ್ತೀನಿ" ಎಂದು ತರಗೆಲೆಯ ಕೆಳಗೆ ಮಲಗಿತು.

"ಮೈಗಳ್ಳರಿಗೆ ನೆಪಕ್ಕೆ ಬರವೇ!" ಎಂದು ಗೊದ್ದ ನಕ್ಕಿತು.

ಮರುದಿನ ಗೊದ್ದಕ್ಕೂ ಜ್ವರ ಬಂತು. ಆದರೂ ಅದು ಸಾಲು ಬಿಡಲಿಲ್ಲ. ಎದುರಾದವರಿಗೆಲ್ಲ ಮುಖ ತಾಗಿಸಿ ಮುಂದೆ ಹೋಗುವುದು ಇರುವೆಗಳ ವಾಡಿಕೆ. ತಾನು ಬಂದಿರಲಿಲ್ಲವೆಂದು ನಾಳೆ ಯಾರೂ ಆಡಿಕೊಳ್ಳಬಾರದೆಂದು ಗೊದ್ದ ಅಂದು ಒಬ್ಬರನ್ನೂ ಬಿಡದೆ ಎರಡೆರಡು ಸಲ ಮುಖ ತಾಗಿಸಿತು.

ನಾಲ್ಕು ದಿನಕ್ಕೆ ಅದರ ಜ್ವರವೇನೋ ಬಿಟ್ಟಿತು, ಆದರೆ ಸೇರಿಕೊಳ್ಳಲು ಸಾಲೇ ಇರಲಿಲ್ಲ. ಅರ್ಧ ಗೂಡು ನರಳುತ್ತ ಮಲಗಿತ್ತು, ಇನ್ನರ್ಧ ನರಳುವುದನ್ನೂ ನಿಲ್ಲಿಸಿತ್ತು. ಚೇತರಿಸಿಕೊಂಡ ಸಣಕಲು ಇರುವೆ ಒಂದೇ ಸತ್ತವರನ್ನು ಒಬ್ಬೊಬ್ಬರಾಗಿ ಹೊರಗೆ ಹೊತ್ತು ಹಾಕುತ್ತಿತ್ತು.

"ನಾನಂತೂ ಒಂದು ದಿನವೂ ಮಲಗಲಿಲ್ಲ ಕಣಪ್ಪ" ಎಂದಿತು ಗೊದ್ದ, ಮೆಲ್ಲಗೆ.

"ಹೌದಜ್ಜ. ನೀವು ಮಲಗಿದ್ದಿದ್ದರೆ ಇವರೆಲ್ಲ ಇವತ್ತು ಎದ್ದು ಓಡಾಡುತ್ತಿದ್ದರು."

ಹಾಗೆಂದು ಸಣಕಲು ಇರುವೆ ವಾಡಿಕೆಯಂತೆ ತನ್ನ ಮುಖವನ್ನು ಮುಂದೆ ಚಾಚಿತು. ಗೊದ್ದಕ್ಕೆ ತನ್ನ ಮುಖ ಎತ್ತಲಾಗಲಿಲ್ಲ.