ಕಂಬಳಿ ನೇಯುವವನ ಬೆನ್ನು

"ನೋವು ನುಂಗುವುದೂ ಒಂದು ತಪಸ್ಸಲ್ಲವೇ, ಗುರುಗಳೇ?" ಎಂದು ಶಿಷ್ಯನೊಬ್ಬ ಕೇಳಿದ. "ಮಠದ ಅಡುಗೆಯಜ್ಜನ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿದೆ. ಮಾತ್ರೆಯ ಡಬ್ಬಿ ನನ್ನ ಹತ್ತಿರವೇ ಇದೆ. ಬೇಡಿದಾಗಲೆಲ್ಲ ಕೊಡದೆ, ತಾಳಿಕೊಳ್ಳುವುದನ್ನು ಕಲಿಸುತ್ತಿದ್ದೇನೆ. ಇವತ್ತು ಬೆಳಗಿನಿಂದ ಅಜ್ಜ ಒಮ್ಮೆಯೂ ಬೇಡಿಲ್ಲ."

ಗುರುಗಳು ಒಂದು ಕತೆ ಹೇಳಿದರು.

ಕಂಬಳಿ ನೇಯುವವನೊಬ್ಬನಿದ್ದ. ಅವನ ಹೆಂಡತಿಗೂ ಇದೇ ಕಾಯಿಲೆ, ಇದೇ ಬೆನ್ನುನೋವು. ವೈದ್ಯರು ಮಾತ್ರೆ ಕೊಟ್ಟು, "ನೋವು ಏಳೋತನಕ ಕಾಯಬ್ಯಾಡ್ರಿ. ನಾಲ್ಕು ತಾಸಿಗೊಮ್ಮೆ ತಪ್ಪದ ಕೊಡ್ರಿ" ಎಂದಿದ್ದರು. ನೇಕಾರ ತಲೆಯಾಡಿಸಿದ. ಮನೆ ಮುಟ್ಟುವಷ್ಟರಲ್ಲಿ ವೈದ್ಯರಿಗಿಂತ ತನಗೇ ಹೆಚ್ಚು ತಿಳಿದಿದೆ ಎನ್ನಿಸಿತು. ಮಾತ್ರೆ ಚಟವಾದೀತೆಂದು ಹೆದರಿ, ಡಬ್ಬಿಯನ್ನು ಅವಳ ಕೈಗೆ ಎಟುಕದಂತೆ ಗೋಡೆಯ ಗೂಡಿನಲ್ಲಿಟ್ಟ. ಅವಳು ನರಳಿದರೆ "ಇನ್ನೊಂದೀಟು ತಡಕೋ" ಎನ್ನುತ್ತಿದ್ದ. ಕೇಳಿ ಕೇಳಿ ಸಾಕಾಗಿ ಅವಳು ಬೇಡುವುದನ್ನೇ ಬಿಟ್ಟಳು. ನೋವು ಎದ್ದಾಗ ಹೊದ್ದ ಕಂಬಳಿಯ ಅಂಚು ಕಚ್ಚುತ್ತಿದ್ದಳು. ನಮ್ಮವಳದು ಗಟ್ಟಿ ಜೀವ ಎಂದು ಅವನು ಊರ ತುಂಬ ಹೇಳಿಕೊಂಡ. ನೋವು ಅವಳಿಗೆ, ಹೊಗಳಿಕೆ ಅವನಿಗೆ.

ಒಂದು ಮಧ್ಯಾಹ್ನ ತೊಯ್ದ ಕಂಬಳಿಯನ್ನು ಎತ್ತಿ ಒಣಹಾಕಲು ಹೋದಾಗ ಅವನ ಬೆನ್ನು ಹಿಡಿದುಕೊಂಡಿತು. ಕೂರಲಾಗದು, ನಿಲ್ಲಲಾಗದು. ಗೋಡೆ ಹಿಡಿದು ಒಳಗೆ ಬಂದವನ ಕೈ ನೆಟ್ಟಗೆ ಗೂಡಿಗೇ ಹೋಯಿತು. ಮಾತ್ರೆಯನ್ನು ಇನ್ನೇನು ಬಾಯಿಗೆ ಹಾಕಿಕೊಳ್ಳಬೇಕು, ತಿರುಗಿ ನೋಡಿದ. ಹೆಂಡತಿ ಎಚ್ಚರವಾಗಿದ್ದಳು.

"ತಡಾ ಮಾಡಬ್ಯಾಡ್ರಿ, ತಗೋರಿ" ಎಂದಳು. "ನೋವು ಏರಿದ ಮ್ಯಾಲ ಲಗೂ ಇಳಿಯಂಗಿಲ್ಲ."

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಬೈದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ಈಗ ನಾಚಿಕೆಯಿಂದ ನಿಂತ ನೆಲ ಬಾಯಿಬಿಡಬಾರದೇ ಎನ್ನಿಸಿತು. ಆ ಮಾತ್ರೆಯನ್ನು ಅವಳ ಬಾಯಿಗಿಟ್ಟು ನೀರು ಕುಡಿಸಿದ. ಡಬ್ಬಿಯನ್ನು ಅವಳ ತಲೆದಿಂಬಿನ ಪಕ್ಕಕ್ಕಿಟ್ಟ. ಅವತ್ತಿನಿಂದ ವೈದ್ಯರು ಹೇಳಿದ ಹೊತ್ತು ತಪ್ಪಿಸಲಿಲ್ಲ. ಅವಳು ನಿದ್ದೆ ಮಾಡಿದಳು, ಬಂದವರೊಡನೆ ಮಾತಾಡಿದಳು. ಆದರೆ ಯಾರಾದರೂ ಅವಳ ಸಹನೆಯನ್ನು ಹೊಗಳಿದರೆ ಅವನು ತಲೆ ತಗ್ಗಿಸಿ ಎದ್ದುಹೋಗುತ್ತಿದ್ದ. ಕಂಬಳಿಯ ಅಂಚಿನಲ್ಲಿ ಹಲ್ಲಿನ ಗುರುತು ಹಾಗೇ ಉಳಿದಿತ್ತು. ಅದು ಅವನೇ ನೇಯ್ದ ಕಂಬಳಿ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಶಿಷ್ಯ ಮಡಿಲಲ್ಲಿದ್ದ ಡಬ್ಬಿಯನ್ನು ಕೈಯಿಂದ ಮುಚ್ಚಿಕೊಂಡ. ಗುರುಗಳು ಕೇಳಿದರು:

"ಬೆಳಗಿನಿಂದ ಅಜ್ಜ ಬೇಡಿಲ್ಲ ಎಂದೆಯಲ್ಲ, ಅವರ ಹಲ್ಲಿನ ನಡುವೆ ಏನಿದೆಯೆಂದು ನೋಡಿದೆಯಾ?"