ಅಲುಗಾಡದ ಸಭೆ

ನಮ್ಮ ಕಚೇರಿಗೆ ಹೊಸದಾಗಿ ಬಂದ ತಿಪ್ಪೇರುದ್ರಪ್ಪ ಸಾಹೇಬರಿಗೆ ಶಿಸ್ತೆಂದರೆ ಪ್ರಾಣ. ಬೇರೆಯವರ ಶಿಸ್ತು. ಮೊದಲ ಸಭೆ ಶುರುವಾಗುತ್ತಲೇ ಅವರ ಕಣ್ಣು ಗುಮಾಸ್ತೆ ಇಂದುಮತಿಯವರ ಮೇಲೆ ಬಿತ್ತು. ಆಕೆ ತಮ್ಮ ಬ್ಯಾಟರಿ ಗಾಲಿಕುರ್ಚಿಯ ಗುಂಡಿ ಒತ್ತಿದ್ದರು. ಸೀಟು ಮೆಲ್ಲಗೆ ಹಿಂದಕ್ಕೆ ವಾಲುತ್ತಿತ್ತು.

"ಏನಮ್ಮ, ಸಭೆಯಲ್ಲಿ ಮಲಗೋದಾ?"

"ಮಲಗಿಲ್ಲ ಸಾರ್. ನನಗೆ ಮಗ್ಗುಲು ಬದಲಿಸೋಕಾಗಲ್ಲ. ಒಂದೇ ಕಡೆ ಭಾರ ಬಿದ್ದರೆ ಹುಣ್ಣಾಗುತ್ತೆ. ಅದಕ್ಕೆ ಆಗಾಗ ಸೀಟು ವಾಲಿಸ್ತೀನಿ."

"ನಾನೂ ಗಂಟೆಗಟ್ಟಲೆ ಕೂರ್ತೀನಿ, ಕಂಬದ ಹಾಗೆ! ಇವತ್ತಿನಿಂದ ಸಭೆಯಲ್ಲಿ ಯಾರು ಅಲುಗಾಡಿದರೂ ನಡಾವಳಿಯಲ್ಲಿ ದಾಖಲಾಗಬೇಕು. ಮೇಲಿನವರಿಗೆ ಕಳಿಸ್ತೀನಿ. ಆಮೇಲೆ ಅಮಾನತ್ತಾಯ್ತು ಅಂತ ಅಳಬೇಡಿ."

ನಡಾವಳಿ ಬರೆಯುವವರು ಇಂದುಮತಿಯೇ. ಅಪ್ಪಣೆಯನ್ನು ಅಕ್ಷರಶಃ ಪಾಲಿಸಿದರು.

ಎರಡು ಗಂಟೆಯ ಸಭೆ ಮುಗಿದ ಮೇಲೆ, ಸಹಿಗೆ ಬಂದ ಹಾಳೆಯನ್ನು ಸಾಹೇಬರು ಓದತೊಡಗಿದರು.

"ಗುಮಾಸ್ತೆ ಸೀಟು ವಾಲಿಸಿದ್ದು ನಾಲ್ಕು ಸಲ. ಸಾಹೇಬರು ಕಾಲ ಮೇಲೆ ಕಾಲು ಹಾಕಿದ್ದು ಒಂಬತ್ತು ಸಲ. ಮಗ್ಗುಲು ಬದಲಿಸಿದ್ದು ಹದಿನಾಲ್ಕು. ಹಿಂದಕ್ಕೆ ಒರಗಿದ್ದು ಎಂಟು. ಅದರಲ್ಲಿ ಒಮ್ಮೆ ಸಣ್ಣ ಗೊರಕೆ. ಸಾಹೇಬರದು ಒಟ್ಟು ಮೂವತ್ತೊಂದು."

ಸಾಹೇಬರ ಮುಖ ಕೆಂಪಾಯಿತು. "ಇದನ್ನೆಲ್ಲ ಯಾಕ್ರೀ ಬರೆದ್ರಿ?"

"ಯಾರು ಅಲುಗಾಡಿದರೂ ಅಂದ್ರಲ್ಲ ಸಾರ್. ನೀವು ಅಲುಗಾಡೋದು ನಿಮಗೇ ಗೊತ್ತಾಗಲ್ಲ. ನಾನು ಗುಂಡಿ ಒತ್ತಬೇಕು, ಅಷ್ಟೇ ವ್ಯತ್ಯಾಸ."

ಸಾಹೇಬರು ಹಾಳೆಯನ್ನು ಮೇಜಿನ ಮೇಲೆ ಹಾಕಿ, ನಿಟ್ಟುಸಿರು ಬಿಟ್ಟು, ಕುರ್ಚಿಗೆ ಒರಗಿದರು.

ಇಂದುಮತಿ ಪೆನ್ನಿನ ಮುಚ್ಚಳ ತೆಗೆದರು.

"ಮೂವತ್ತೆರಡು ಮಾಡಲಾ, ಸಾರ್?"